ಎಮ್ಮೆಯ ಹಣೆಗೆ ಲೇಸರ್ ಫಿಲ್ಮು

ನಾನು ಸವಣೂರಿನ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಪಾಠ ಮುಗಿದ ಮೇಲೆ ಅಲ್ಲೇ ಲೇಸರ್ ಕುರಿತು ಪಿಎಚ್‌.ಡಿ. ಕೆಲಸ. ಮನೆ ಹತ್ತಿಮತ್ತೂರಿನಲ್ಲಿ, ಅತ್ತೆಯ ಆಳ್ವಿಕೆಯಲ್ಲಿ. ಇಷ್ಟೆಲ್ಲ ಒಂದೆಡೆ ಸೇರಿದ ಮೇಲೆ ವಾರಕ್ಕೊಂದು ಫಜೀತಿ ಆಗದಿದ್ದರೆ ನನಗೇ ದಿಗಿಲು.

೧. ಊಟದ ಪಂಕ್ತಿ

ನನ್ನ ಸಂಶೋಧನೆಯೆಲ್ಲ ಒಂದು ಕರೀ ಫಿಲ್ಮಿನ ಸುತ್ತ. ಇಂಗಾಲದ ಅತಿ ಸಣ್ಣ ನಳಿಗೆಗಳನ್ನು ಅಂಟಿನಲ್ಲಿ ಕಲಸಿ ಒಣಗಿಸಿದ ತೆಳು ಪೊರೆ ಅದು. ಮಂದ ಬೆಳಕನ್ನು ನುಂಗುತ್ತದೆ, ಜೋರು ಬೆಳಕಿಗೆ ದಾರಿ ಬಿಡುತ್ತದೆ. ಗಾಜಿನ ಎಳೆಯಲ್ಲಿ ಸುತ್ತುವ ಲೇಸರಿನ ನಡುವೆ ಇಟ್ಟರೆ, ಸುಮ್ಮನೆ ಹರಿಯುತ್ತಿದ್ದ ಬೆಳಕು ಗುಂಪುಗೂಡಿ, ಸೆಕೆಂಡಿನ ಲಕ್ಷ ಕೋಟಿಯಲ್ಲೊಂದು ಪಾಲಿನಷ್ಟು ಪುಟ್ಟ ಮಿಡಿತಗಳಾಗಿ ಹೊರಬೀಳುತ್ತದೆ.

ಇದನ್ನು ಮಾವನಿಗೆ ವಿವರಿಸಿದೆ.

"ತಿಳೀತ್ ಬಿಡವಾ. ಮದುವಿ ಮನ್ಯಾಗ ಊಟದ ಬಾಗ್ಲಕ್ಕ ನಿಂತಾಂವ. ಮೆತ್ತಗ ಒಬ್ಬೊಬ್ರ ಬಂದ್ರ ತಡೀತಾನ, ಗುಂಪು ಕಟ್ಕೊಂಡು ನುಗ್ಗಿದ್ರ ಬಿಡ್ತಾನ. ಒಂದೊಂದು ಪಂಗ್ತಿ ಒಂದೊಂದು ಮಿಡಿತ."

ನನ್ನ ಗೈಡ್ ಕೂಡ ಇಷ್ಟು ಚಂದ ಹೇಳಿರಲಿಲ್ಲ. "ಹೌದ್ರಿ ಮಾವಾ!" ಎಂದು ಕುಣಿದೆ.

"ಇಷ್ಟ ತಿಳ್ಕೊಳ್ಳಾಕ ಇಷ್ಟು ವರ್ಷ ಬೇಕಾತೇನು?" ಎಂದರು.

೨. ಕಾಣದ ಬೆಳಕು

ಚಿಕ್ಕೇರೂರಿನ ಬೀಗರು ಬಂದಿದ್ದರು. ಹೊಲ ಮಟ್ಟ ಮಾಡುವ ಲೇಸರ್ ಯಂತ್ರವನ್ನು ಎಲ್ಲೋ ನೋಡಿದವರು.

"ನಿಮ್ಮ ಲೇಸರ್ ತರ್ರಿ, ನಮ್ಮ ಗೋವಿನಜೋಳದ ಹೊಲಾ ಸಮಾ ಮಾಡೂಣು."

"ಅದು ಬ್ಯಾರೆ ರೀ. ನಂದರ ಬೆಳಕು ಕಣ್ಣಿಗೇ ಕಾಣಂಗಿಲ್ಲ. ಆದ್ರೂ ಐತಿ. ದಿನಾ ಅದರ ಜೋಡಿನ ಇರ್ತೇನಿ."

ಬೀಗರು ತಲೆಯಾಡಿಸಿದರು. ಆಮೇಲೆ ನನ್ನ ಗಂಡನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದರು: "ಎಷ್ಟು ದಿನದಿಂದ ಹಿಂಗ? ಎಲ್ಲ್ಯಾರ ತೋರಿಸೀರೇನು?"

೩. ದೃಷ್ಟಿಬೊಟ್ಟು

ಮಿಡಿತ ಬಂದದ್ದನ್ನು ನೋಡಲು ಗೈಡ್ ಬರುವವರಿದ್ದರು. ತೋರಿಸದಿದ್ದರೆ ನನ್ನ ಪಿಎಚ್‌.ಡಿ. ನೋಂದಣಿಯೇ ರದ್ದು. ಲ್ಯಾಬಿನಲ್ಲಿ ಧೂಳೋ ಧೂಳು. ಹಾಗಾಗಿ ಉಳಿದ ಒಂದೇ ಫಿಲ್ಮನ್ನು ಒಂದು ತಟ್ಟೆಯಲ್ಲಿ, ಮನೆಯ ದೇವರ ಕೋಣೆಯಲ್ಲಿ ಒಣಗಲು ಇಟ್ಟಿದ್ದೆ. ಜಳಕ ಮಾಡದೆ ನೊಣವೂ ಅಲ್ಲಿ ಕಾಲಿಡುವಂತಿಲ್ಲ.

ಗೈಡ್ ಬರುವ ದಿನ ಬೆಳಿಗ್ಗೆ ನೋಡಿದರೆ ತಟ್ಟೆ ಖಾಲಿ!

"ಅತ್ತೀ, ಇಲ್ಲಿದ್ದ ಕರೇದು ಎಲ್ಲೈತ್ರಿ?"

"ಆ ಕಾಡಿಗೇನ? ಎಷ್ಟ್ ಚಲೋ ಮಾಡೀಯವಾ, ಹಾಳಿಯಂಗ ಎದ್ದು ಬಂತು! ಎಮ್ಮಿ ಈದೈತಲ್ಲ, ಮಂದಿ ಕಣ್ಣು ತಾಗಬಾರ್ದಂತ ಅದರ ಹಣಿಗೆ ಹಚ್ಚೇನಿ."

ದನದ ಮನೆಗೆ ಓಡಿದೆ. ಕರೀ ಎಮ್ಮೆ, ಕರೀ ಫಿಲ್ಮು. ಏನೂ ಕಾಣಲೊಲ್ಲದು.

"ಕಾಣೂದ ಇಲ್ಲಲ್ರೀ ಅತ್ತೀ!"

"ನಿನಗ ಕಾಣಲಿಕ್ರ ಏನಾತು? ದೃಷ್ಟಿಗೆ ಕಾಣ್ತೈತಿ."

ಗಂಡ ಕೋಡು ಹಿಡಿದರು. ನಾನು ಎಮ್ಮೆಯ ಹಣೆ ಸವರಿ ಸವರಿ, ಕೂದಲ ಮೇಲೆ ಎದ್ದು ನಿಂತಿದ್ದ ಒಂದು ಮೂಲೆಯನ್ನು ಚಿಮಟದಿಂದ ಕಿತ್ತೆ. ಸಾಸಿವೆಯಷ್ಟು ಸಿಕ್ಕಿತು. ಬೇಕಾದದ್ದೂ ಅಷ್ಟೇ.

ಈದ ಎಮ್ಮೆಯ ಹಾಲಿನ ಗಿಣ್ಣವನ್ನು ಸಾಹೇಬರಿಗೆಂದು ಡಬ್ಬಿಗೆ ತುಂಬಿಕೊಂಡು ಅತ್ತೆಯೂ ನನ್ನ ಜೊತೆ ಹೊರಟರು. ಸವಣೂರಿಗೆ ಓಡಿ, ಫಿಲ್ಮಿನ ಚೂರನ್ನು ಎರಡು ಗಾಜಿನ ಎಳೆಗಳ ತುದಿಗಳ ನಡುವೆ ಕೂಡಿಸಿ, ಗೈಡ್ ಎದುರು ಲೇಸರ್ ಹಚ್ಚಿದೆ. ಪರದೆಯ ಮೇಲೆ ಮಿಡಿತಗಳು ಸಾಲಾಗಿ ಎದ್ದು ನಿಂತವು! ನನಗೆ ಅಳುವೇ ಬಂತು. ಗೈಡ್ "ಭೇಷ್! ನೋಂದಣಿ ಉಳೀತು" ಎಂದು, ಅತ್ತೆ ತಂದಿದ್ದ ಗಿಣ್ಣ ಬಾಯಿಗಿಟ್ಟು, ಫಿಲ್ಮು ಹೇಗೆ ತಯಾರಿಸಿದೆ ಎಂದು ಕೇಳಿದರು. ಸುಳ್ಳು ಹೇಳಲು ಬಾಯಿ ಬರಲಿಲ್ಲ. ಎಲ್ಲವನ್ನೂ ಹೇಳಿದೆ.

ಗೈಡ್ ತಟ್ಟೆ ಕೆಳಗಿಟ್ಟು ಗಂಭೀರವಾಗಿ ಹೇಳಿದರು: "ಒಮ್ಮೆ ಬಂದರೆ ವಿಜ್ಞಾನ ಒಪ್ಪೋದಿಲ್ಲಮ್ಮ. ಇದೇ ಕ್ರಮದಲ್ಲಿ ಇನ್ನೊಮ್ಮೆ ಮಾಡಿ ತೋರಿಸಬೇಕು."

ಅತ್ತೆ ಅವರ ತಟ್ಟೆಗೆ ಇನ್ನಷ್ಟು ಗಿಣ್ಣ ಹಾಕುತ್ತ ಹೇಳಿದರು: "ಅದಕ್ಕೇನ್ರಿ ಸಾಹೇಬ್ರ, ಎಮ್ಮಿ ಮತ್ತ ಈದಾಗ ಹೇಳಿ ಕಳಸ್ತೇನಿ, ಬರ್ರಿ."