ಟವೆಲ್ ಸುತ್ತಿಕೊಂಡ ಶನಿವಾರ

ಈಜುಕೊಳದ ಕಂಪ್ಯೂಟರ್ ಅಣ್ಣನಿಗೆ ಪ್ರೋಗ್ರಾಂನಲ್ಲಿ ಒಂದು ಸಾಲು ಹೆಚ್ಚಿಗೆ ಬರೆಯುವ ಚಪಲ. ಅದೇ ಮುಳುವಾಯಿತು.

ಬಟ್ಟೆ ಇಡುವ ಲಾಕರ್‌ಗಳನ್ನು ನಡೆಸುತ್ತಿದ್ದುದು ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಅವನು ಬರೆದ ಪ್ರೋಗ್ರಾಂ. ಗಿರಾಕಿ ಬಂದರೆ ಅದರಲ್ಲಿ ಅವರ ಹೆಸರಿಗೆ ಆಬ್ಜೆಕ್ಟ್ ಎಂಬ ಒಂದು ದಾಖಲೆ ಹುಟ್ಟಿ ಲಾಕರಿಗೆ ಬೀಗ ಬೀಳುತ್ತದೆ. ಈಜಿ ಬಂದು ಕೈಪಟ್ಟಿ ತೋರಿಸಿದರೆ ಆಬ್ಜೆಕ್ಟ್ ಸಾಯುತ್ತದೆ, ಸಾಯುವಾಗ ಡಿಸ್ಟ್ರಕ್ಟರ್ ಎಂಬ ಕೊನೆಯ ಸಾಲುಗಳು ಓಡಿ ಬೀಗ ಬಿಡಿಸುತ್ತವೆ. "ಬೀಗ ತೆಗಿ ಅಂತ ಬೇರೆ ಹೇಳೋದೇ ಬೇಡ ಮೇಡಂ, ತಾನಾಗೇ ಆಗುತ್ತೆ" ಎಂದು ಈಜುಕೊಳದ ಯಜಮಾನಿಯ ಮುಂದೆ ಕೊಚ್ಚಿಕೊಂಡಿದ್ದ.

"ಶನಿವಾರ ಒಂದೂ ದೂರು ಬರದೆ ಕಳೀಲಿ. ಭಾನುವಾರದಿಂದ ಒಂದು ವಾರ ರಜೆ ತಗೋ" ಎಂದಿದ್ದರು ಆಕೆ. ಮದುವೆಯಾದ ಮೇಲೆ ಮೊದಲ ರಜೆ. ಹೆಂಡತಿ ಪೆಟ್ಟಿಗೆ ತುಂಬಿಟ್ಟು, ಖುಷಿಗೆ ತಾನೂ ಈಜಲು ಬಂದಿದ್ದಳು.

ಆದರೆ ಈ ಮಹಾರಾಯ ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡಿದ್ದ. ಬಾಗಿಲ ಬಳಿಯ ಕಂಪ್ಯೂಟರ್ ಪರದೆಯ ಮೇಲೆ ಎಲ್ಲರಿಗೂ ಸ್ವಾಗತ ಕೋರಲೆಂದು ಶುಕ್ರವಾರ ಸಂಜೆಯೇ ಪ್ರೋಗ್ರಾಂಗೆ ಅತಿಥಿಗಳ ಪಟ್ಟಿಯೊಂದನ್ನು ಸೇರಿಸಿದ್ದ.

ಶನಿವಾರ ಮೊದಲು ನೀರಿನಿಂದೆದ್ದವರು ನಿವೃತ್ತ ಮೇಷ್ಟ್ರು. ಕೈಪಟ್ಟಿ ತೋರಿಸಿದರು, ಬೀಗ ಅಲುಗಲಿಲ್ಲ.

"ನನ್ನ ಪ್ಯಾಂಟು ನಿಂಗ್ಯಾಕಪ್ಪಾ?"

"ಒಂದ್ನಿಮಿಷ ಮೇಷ್ಟ್ರೇ."

ಆ ಒಂದು ನಿಮಿಷ ಬೆಳೆಯುತ್ತ ಹೋಯಿತು, ಟವೆಲ್ ಸುತ್ತಿಕೊಂಡವರ ಸಾಲೂ ಬೆಳೆಯಿತು. ಅವನು ಒಬ್ಬೊಬ್ಬರ ಆಬ್ಜೆಕ್ಟಿಗೂ 'ಡೆಲ್' ಎಂದು ಬರೆದು ಅಳಿಸಿದ. ಬೀಗಗಳು ಜಪ್ಪಯ್ಯ ಅನ್ನಲಿಲ್ಲ.

"ಒಂದ್ಸಲ ಆಫ್ ಮಾಡಿ ಆನ್ ಮಾಡ್ಬಾರ್ದಾ?" ಎಂದರು ಹಲ್ಲಿನ ಡಾಕ್ಟರಮ್ಮ.

"ಅದೆಲ್ಲ ಟೀವಿಗೆ ಡಾಕ್ಟ್ರೇ" ಎಂದ. ಪಾಪ, ಹಾಗೆ ಮಾಡಿದ್ದರೆ ಆಬ್ಜೆಕ್ಟುಗಳೆಲ್ಲ ಒಮ್ಮೆಗೇ ಸತ್ತು ಆಗಲೇ ಬಚಾವಾಗುತ್ತಿದ್ದ.

ಯಜಮಾನಿಯ ಕಾರು ಗೇಟಿಗೆ ಬಂತು. ರಜೆ ನೀರುಪಾಲಾಯಿತೆಂದು ತಲೆ ಎತ್ತಿದವನಿಗೆ ಪರದೆ ಕಂಡಿತು. 'ಸ್ವಾಗತ ಮೇಷ್ಟ್ರೇ, ಸ್ವಾಗತ ಡಾಕ್ಟರಮ್ಮಾ...' ಆಗ ಹೊಳೆಯಿತು. ಇವನು ಎಷ್ಟು ಅಳಿಸಿದರೇನು, ಆ ಪಟ್ಟಿ ಎಲ್ಲರನ್ನೂ ಹಿಡಿದು ಕೂತಿದೆ. ಪ್ರೋಗ್ರಾಂನಲ್ಲಿ ಎಲ್ಲೋ ಒಂದು ಕಡೆ ಹಿಡಿದಿರುವ ತನಕ ಆಬ್ಜೆಕ್ಟ್ ಸಾಯುವುದಿಲ್ಲ, ಸಾಯದೆ ಬೀಗ ಬಿಡುವುದಿಲ್ಲ. ಪಟ್ಟಿಯನ್ನೇ ಖಾಲಿ ಮಾಡಿದ. ಲಾಕರ್ ಬಾಗಿಲುಗಳೆಲ್ಲ ಒಟ್ಟಿಗೆ ಪಟಪಟನೆ ತೆರೆದುಕೊಂಡವು.

ಯಜಮಾನಿ ಒಳಬಂದು ಕೇಳಿದರು. "ಏನಾದ್ರೂ ದೂರಿದೆಯಾ?"

ಅವನು ಮೇಷ್ಟ್ರ ಮುಖ ನೋಡಿದ.

"ದೂರಾ?" ಮೇಷ್ಟ್ರು ನಕ್ಕರು. "ಇಷ್ಟು ವರ್ಷ ಪಕ್ಕಪಕ್ಕದಲ್ಲೇ ಈಜಿದ್ರೂ ಒಬ್ರಿಗೊಬ್ರು ಮಾತಾಡಿರ್ಲಿಲ್ಲ. ಇವತ್ತು ಓಡಿಹೋಗೋಕೆ ಪ್ಯಾಂಟಿರ್ಲಿಲ್ಲ, ಕೂತು ಹರಟಿದ್ವಿ. ಪ್ರತಿ ಶನಿವಾರ ಹೀಗೇ ಒಂದು ಗಂಟೆ ಬೀಗ ಬಿಡದೆ ಇರ್ಲಿ ತಾಯಿ."

"ಹೌದು ಮೇಡಂ, ಮುಂದಿನ ಶನಿವಾರ ಎಲ್ರಿಗೂ ಟೀ ನಾನೇ ತರ್ತೀನಿ" ಎಂದಿತು ಟವೆಲ್ ಗುಂಪಿನ ನಡುವಿನಿಂದ ಒಂದು ದನಿ. ಅವನ ಹೆಂಡತಿಯದೇ.

ಯಜಮಾನಿಗೆ ಸಂತೋಷವೋ ಸಂತೋಷ. "ಹಾಗಾದ್ರೆ ಬೀಗ ಹಿಡಿದಿಡೋಕೆ ನಿಮ್ಮ ಯಜಮಾನ್ರು ಆವತ್ತು ಇಲ್ಲಿ ಇರ್ಲೇಬೇಕಲ್ಲಮ್ಮಾ."

"ನಮ್ ರಜೆ ಕಣೇ..." ಎಂದ ಅವನು, ಅಳುವ ದನಿಯಲ್ಲಿ.

"ರಜೆ ಎಲ್ಲಿಗೂ ಓಡಿಹೋಗಲ್ಲ ಕಣ್ರೀ" ಎಂದಳು ಹೆಂಡತಿ, ತಲೆ ಒರೆಸಿಕೊಳ್ಳುತ್ತ. "ಮನೆಗೆ ಹೋದ ತಕ್ಷಣ ಪೆಟ್ಟಿಗೆ ಬಿಚ್ಚಿಡಿ. ಟೀ ಫ್ಲಾಸ್ಕು ಅದರ ತಳದಲ್ಲಿದೆ."