ಕಸ್ತೂರಿ ಸಿಸ್ಟರ್ ಅವರ ಶೋರೂಮ್ ದಿಗ್ವಿಜಯ

ಯುಗಗಳಲ್ಲಿ ಕಡೆಯದಾದ ಕಲಿಯುಗದಲ್ಲಿ, ಮುಗಿಯಲು ಇನ್ನು ಮೂರೇ ದಿನ ಉಳಿದಿದ್ದ ಒಂದು ವರ್ಷದಲ್ಲಿ, ಗದಗ ಪಟ್ಟಣದ ಹುಬ್ಬಳ್ಳಿ ರಸ್ತೆಯ ಮೇಲೆ, ಸೂರ್ಯನಿಗೇ ಸೂರ್ಯನ ಮುಖವನ್ನು ಮರಳಿ ತೋರಿಸುವಂಥ ಗಾಜಿನ ಗೋಡೆಗಳಿಂದ ಥಳಥಳಿಸುತ್ತಿದ್ದ ಕಾರು ಶೋರೂಮೊಂದರಲ್ಲಿ, ಬೆಳಗಿನ ಹತ್ತೂವರೆಯಿಂದ ಮಧ್ಯಾಹ್ನದ ಒಂದೂವರೆಯವರೆಗೆ ನಡೆದ ಮಹಾಸಮರವನ್ನು ಹೇಳಹೊರಟ ನನ್ನ ನಾಲಗೆಯ ಮೇಲೆ ವಾಗ್ದೇವಿ ನೆಲೆಸಲಿ. ರಿಯಾಯಿತಿಗೆಂದು ಅಧಿದೇವತೆ ಯಾರಾದರೂ ಇದ್ದರೆ ಅವರೂ ಪಕ್ಕದಲ್ಲಿ ತುಸು ಜಾಗ ಮಾಡಿಕೊಂಡು ಕೂರಲಿ.

ಆ ಸಮರದ ನಾಯಕಿ ಕಸ್ತೂರಿ ಮುಳಗುಂದ. ಸಕಲಶಿಶುಸೂಚೀಪ್ರದಾಯಿನಿ, ಪಂಚಗ್ರಾಮಪ್ರಸೂತಿರಕ್ಷಾಮಣಿ, ಲಸಿಕಾಪೇಟಿಕಾಧಾರಿಣಿ ಎಂದೆಲ್ಲ ಬಿರುದಿಗೆ ಅರ್ಹಳಾಗಿದ್ದ ಆಕೆಯನ್ನು ಐದು ಹಳ್ಳಿಯ ಜನ ಬರೀ ‘ಸಿಸ್ಟರ್’ ಎಂದು ಕರೆಯುತ್ತಿದ್ದರು. ಇಪ್ಪತ್ತೇಳು ವರ್ಷ ಆಕೆ ಆರೋಗ್ಯ ಉಪಕೇಂದ್ರದ ನರ್ಸಾಗಿ, ಬಸುರಿಯರ ಮನೆಬಾಗಿಲಿಗೂ ಬಾಣಂತಿಯರ ಮಂಚದ ಬದಿಗೂ ಸ್ಕೂಟರಿನಲ್ಲಿ ಓಡಾಡಿದವಳು. ಆದರೆ ಕಳೆದ ಶ್ರಾವಣದಲ್ಲಿ, ಮಳೆ ನೆನೆದ ಎರೆಮಣ್ಣಿನ ಮೇಲೆ ಆ ಸ್ಕೂಟರು ಜಾರಿತು. ಬಲಗಾಲಿನ ಮಂಡಿ ಮುರಿಯಿತು. ಮೂರು ತಿಂಗಳ ಮೇಲೆ ನಡೆಯಲು ಬಂತಾದರೂ, ಇನ್ನು ಜೀವಮಾನದಲ್ಲಿ ಎರಡು ಗಾಲಿಯ ಗಾಡಿ ಮುಟ್ಟಕೂಡದೆಂದು ಡಾಕ್ಟರು ಅಪ್ಪಣೆ ಮಾಡಿದರು. ಮೇಲಧಿಕಾರಿಗಳು ಕರುಣೆಯಿಂದಲೇ ಹೇಳಿದರು: ಹಳ್ಳಿಗಳನ್ನು ಸುತ್ತಲಾಗದಿದ್ದರೆ ಜಿಲ್ಲಾ ಕಚೇರಿಯಲ್ಲಿ ಕುರ್ಚಿಯಿದೆ, ಕೂತು ಕಡತ ನೋಡಿಕೊಳ್ಳಬಹುದು. ಆ ಕುರ್ಚಿಯ ಹೆಸರು ಕೇಳಿದ ದಿನ ಕಸ್ತೂರಿ ಊಟ ಮಾಡಲಿಲ್ಲ. ಮರುದಿನ ಐವತ್ತೆರಡನೆಯ ವಯಸ್ಸಿನಲ್ಲಿ ಡ್ರೈವಿಂಗ್ ಸ್ಕೂಲಿಗೆ ಸೇರಿದಳು; ಎರಡು ಸಲ ಪರೀಕ್ಷೆಯಲ್ಲಿ ನಪಾಸಾಗಿ ಮೂರನೆಯ ಸಲ ಲೈಸೆನ್ಸು ಪಡೆದಳು. ಈಗ ಬೇಕಾದದ್ದು ಕಾರು. ಕೂಡಿಟ್ಟದ್ದು ಆರು ಲಕ್ಷ ಹದಿನೈದು ಸಾವಿರ. ಸಾಲ ಮಾಡೆನೆಂಬುದು ಆಕೆಯ ಪ್ರತಿಜ್ಞೆ.

ಆಕೆಯ ಪತಿ ವಿರೂಪಾಕ್ಷಪ್ಪ, ಸ್ಟೇಷನ್ ರಸ್ತೆಯ ದರ್ಜಿ. ಸೂಚೀಸೂತ್ರಕತ್ತರೀಕೋವಿದ ಎಂದು ಆತನನ್ನು ಕರೆಯೋಣ. ಕತ್ತರಿಯನ್ನು ಸಮಾಸದೊಳಗೆ ತುರುಕಿದ್ದಕ್ಕೆ ವೈಯಾಕರಣರು ಕ್ಷಮಿಸಲಿ. ಸಾಧು ಮನುಷ್ಯ. ಅವನಲ್ಲಿದ್ದ ದೋಷ ಒಂದೇ: ಯಾರು ಏನನ್ನು ಮಾರಲು ಬಂದರೂ ಅದು ಚೆನ್ನಾಗಿದೆಯೆಂದು ಅವನಿಗೆ ಮನಸಾರೆ ಅನ್ನಿಸುತ್ತಿತ್ತು, ಅನ್ನಿಸಿದ್ದನ್ನು ಅವನು ಹೇಳಿಬಿಡುತ್ತಿದ್ದ. ಆದುದರಿಂದ ಶೋರೂಮಿಗೆ ಹೋಗುವ ಆಟೋದಲ್ಲೇ ಕಸ್ತೂರಿ ಅವನಿಂದ ಮೌನವ್ರತದ ವಚನ ಪಡೆದಳು.

“ಅಲ್ಲಿ ಹೋದ ಮ್ಯಾಲ ನೀವು ಬಾಯಿ ಬಿಡಬ್ಯಾಡ್ರಿ. ಚಂದ ಐತಿ ಅನಬ್ಯಾಡ್ರಿ. ನಗಬ್ಯಾಡ್ರಿ.”

“ಚಹಾ ಕೊಟ್ರ?”

“ಕುಡೀರಿ. ಚಲೋ ಆಗೇತಿ ಅನಬ್ಯಾಡ್ರಿ.”

ದ್ವಾರದಲ್ಲಿ ಅವರನ್ನು ಇದಿರುಗೊಂಡವನು ಇಮ್ತಿಯಾಜ್ ನದಾಫ್. ಕಂಠಬಂಧಾಲಂಕೃತ, ಸ್ಮಿತಪೂರ್ವಭಾಷಿ, ಆ ಕೋಟೆಯ ಮುಂಚೂಣಿಯ ಸೇಲ್ಸ್‌ಮನ್. ತಂಗಾಳಿ ಬೀಸುವ ಯಂತ್ರದ ಕೆಳಗೆ ಮೆತ್ತನೆಯ ಸೋಫಾ ತೋರಿಸಿದ. ಕಸ್ತೂರಿ ಪ್ಲಾಸ್ಟಿಕ್ ಕುರ್ಚಿ ಕೇಳಿ ತರಿಸಿಕೊಂಡು ಕೂತಳು. ಮೆತ್ತನೆಯ ಆಸನದಿಂದ ಎದ್ದು ಹೋಗುವುದು ಮಂಡಿನೋವಿನವರಿಗೆ ಕಷ್ಟ, ಎದ್ದು ಹೋಗಲಾರದವರು ಚೌಕಾಸಿ ಮಾಡಲಾರರು. ಅತ್ತ ವಿರೂಪಾಕ್ಷಪ್ಪ, ಸಭಾಮಧ್ಯದಲ್ಲಿ ದೀಪಗಳ ಕೆಳಗೆ ನಿಂತಿದ್ದ ಬೆಳ್ಳಿಬಣ್ಣದ ಪುಟ್ಟ ಕಾರನ್ನು ಕಂಡು ತಾಯಿ ಕಂಡ ಕರುವಿನಂತೆ ಅದರ ಬಳಿ ಸಾರಿದ. ಬಾಯಿ ಬಿಡಲಿಲ್ಲ. ಆದರೆ ಅವನ ಮುಖ ಅರಳಿದ್ದನ್ನು ಇಮ್ತಿಯಾಜ್ ನೋಡಿಬಿಟ್ಟ.

“ಕಾಕಾರಿಗೆ ಗಾಡಿ ಮನಸಿಗೆ ಬಂದಂಗೈತಿ.”

“ಅವರಿಗೆ ಬೀದ್ಯಾಗಿನ ಟ್ರ್ಯಾಕ್ಟರ್ ಕಂಡ್ರೂ ಹಂಗ ಆಕ್ಕೈತಿ,” ಎಂದಳು ಕಸ್ತೂರಿ. “ನೀ ರೇಟ್ ಹೇಳು ತಮ್ಮಾ. ರಸ್ತೆಕ ಬಂದು ನಿಂದ್ರೂತನಕ ಎಷ್ಟು?”

ಇಮ್ತಿಯಾಜ್ ಬರೆದುಕೊಟ್ಟ ಪತ್ರದ ಕೊನೆಯ ಸಾಲಿನಲ್ಲಿ ಆರು ಲಕ್ಷ ಎಪ್ಪತ್ತೆರಡು ಸಾವಿರವಿತ್ತು. ಐವತ್ತೇಳು ಸಾವಿರದ ಕಂದಕ. ಕಸ್ತೂರಿ ಮುಖದಲ್ಲಿ ಏನನ್ನೂ ತೋರಿಸದೆ, ಇಂಜೆಕ್ಷನ್ನಿಗೆ ಮುನ್ನ ಸಿರಿಂಜನ್ನು ಬೆಳಕಿಗೆ ಹಿಡಿದು ನೋಡುವಂತೆ ಆ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದಳು.

ಆಮೇಲೆ ಮೊದಲ ಬಾಣ ಬಿಟ್ಟಳು. ಇನ್ಶೂರೆನ್ಸು ಮೂವತ್ತೆಂಟು ಸಾವಿರವೆಂದು ಬರೆದಿತ್ತು. ಅದೇ ವಿಮೆಗೆ ಇಪ್ಪತ್ತೆರಡು ಸಾವಿರವೆಂದು ಹೊರಗಿನ ಏಜೆಂಟರು ಕೊಟ್ಟ ಚೀಟಿ ಆಕೆಯ ಪರ್ಸಿನಲ್ಲಿತ್ತು. ಅದನ್ನು ತೆಗೆದು ಮೇಜಿನ ಮೇಲಿಟ್ಟಳು. ಇಮ್ತಿಯಾಜ್ ಅದನ್ನು ಓದಿದ, ಮತ್ತೊಮ್ಮೆ ಓದಿದ. “ಮ್ಯಾನೇಜರ್ ಸಾಹೇಬ್ರನ್ನ ಕೇಳಿ ಬರ್ತೀನ್ರೀ ಅಕ್ಕಾರ,” ಎಂದು ಗಾಜಿನ ಕೋಣೆಯೊಳಗೆ ಹೋದ. ಆರು ನಿಮಿಷದ ನಂತರ ಬಂದು, ಹೊರಗಿನ ಇನ್ಶೂರೆನ್ಸೇ ಆಗಲಿ ಎಂದ. ಹದಿನಾರು ಸಾವಿರ ಧರೆಗುರುಳಿತು.

ಎರಡನೆಯ ಬಾಣಕ್ಕೆ ಆಕೆ ಎದ್ದು ನಡೆಯಬೇಕಾಯಿತು. ಕಾರಿನ ಬಾಗಿಲು ತೆಗೆಸಿ, ಬಾಗಿಲ ಬದಿಯ ಕಂಬದ ಮೇಲೆ ಗಾಡಿ ತಯಾರಾದ ತಿಂಗಳನ್ನು ಕೊರೆದಿದ್ದ ಸಣ್ಣ ತಗಡಿನ ಪಟ್ಟಿಗೆ ಕನ್ನಡಕ ಹಚ್ಚಿ ಬಾಗಿದಳು. ಔಷಧದ ಬಾಟಲಿಗಳ ಮೇಲಿನ ತಾರೀಖು ನೋಡದೆ ಒಂದು ಹನಿಯನ್ನೂ ಯಾರ ಬಾಯಿಗೂ ಹಾಕದವಳ ಕಣ್ಣಿಗೆ ಆ ಅಕ್ಷರಗಳು ದೊಡ್ಡವೇ.

“ಮಾರ್ಚ್ ತಿಂಗಳಾಗ ಹುಟ್ಟಿದ ಗಾಡಿ ಇದು. ಒಂಬತ್ತು ತಿಂಗಳು ತುಂಬ್ಯಾವ. ಇನ್ನ ಮೂರು ದಿನ ಹೋದ್ರ ಹೋದ ವರ್ಷದ ಗಾಡಿ ಅಂತಾರ. ಹೌದಿಲ್ಲ ತಮ್ಮಾ?”

ಇಮ್ತಿಯಾಜ್ ಮತ್ತೆ ಒಳಗೆ ಹೋದ. ಈ ಸಲ ಹೊರಗೆ ಬಂದವನು ಅವನಲ್ಲ. ಗಾಜಿನ ಬಾಗಿಲು ತೆರೆದು, ಕೋಟೆಯ ಒಡೆಯ, ಗುರುನಾಥ ಜೋಶಿ ಎಂಬ ಮ್ಯಾನೇಜರ್, ವಿಪುಲವಕ್ಷ, ಲೆಕ್ಕಯಂತ್ರಪಾಣಿ, ಸ್ವತಃ ರಣಾಂಗಣಕ್ಕಿಳಿದ. ಹಳೆಯ ಸ್ಟಾಕೆಂಬ ಕಾರಣಕ್ಕೆ ಇಪ್ಪತ್ತು ಸಾವಿರ ಬಿಡುತ್ತೇನೆಂದ. ಉಳಿದದ್ದು ಇಪ್ಪತ್ತೊಂದು ಸಾವಿರ. ಪತ್ರದಲ್ಲಿ ‘ಬೇಸಿಕ್ ಕಿಟ್’ ಎಂದು ಬರೆದಿದ್ದ ಸೀಟ್ ಕವರು, ಹೊಳಪಿನ ಲೇಪ, ಸ್ಟೀರಿಂಗಿನ ಹೊದಿಕೆ ಇತ್ಯಾದಿಗಳ ಬೆಲೆಯೂ ಸರಿಯಾಗಿ ಅಷ್ಟೇ. ಆ ಕಿಟ್ಟೇ ಬೇಡವೆಂದಳು ಕಸ್ತೂರಿ. ಅದಾಗಲೇ ಗಾಡಿಗೆ ಹಾಕಿ ಆಗಿದೆಯೆಂದ ಜೋಶಿ. ಬಳಿಕ ಎದೆಯುಬ್ಬಿಸಿ ನುಡಿದ:

“ಅಕ್ಕಾರ, ಹದಿನಾಕು ವರ್ಷ ಈ ಕುರ್ಚಿ ಮ್ಯಾಲ ಕುಂತೀನಿ. ವಕೀಲರು ಬಂದು ಕೇಳ್ಯಾರ, ಕಂಟ್ರಾಕ್ಟರು ಬಂದು ಕೇಳ್ಯಾರ. ಒಬ್ಬ ಕಲ್ಯಾಣ ಮಂಟಪದ ಮಾಲಕ ನಾಕು ತಾಸು ಕುಂತು, ಊಟಾ ಇಲ್ಲೇ ತರಿಸ್ಕೊಂಡು ಕೇಳ್ಯಾನ. ಕಿಟ್‌ನ್ಯಾಗ ಒಂದು ರೂಪಾಯಿ ಬಿಟ್ಟಾಂವ ಅಲ್ಲ ನಾನು.”

ಕಸ್ತೂರಿ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು.

“ಇಪ್ಪತ್ತೇಳು ವರ್ಷದಾಗ ಒಂದು ಕೂಸಿಗೂ ಸೂಜಿ ತಪ್ಪಿಸಿಲ್ಲ ನಾನು. ಹೊಲದಾಗ ಅಡಗಿಸಿಟ್ರ ಹೊಲಕ್ಕ ಹೋಗೀನಿ. ಅಟ್ಟದ ಮ್ಯಾಲ ಇಟ್ರ ಅಟ್ಟ ಏರೀನಿ. ನೀವಂತೂ ಗಾಜಿನ ಖೋಲ್ಯಾಗ ಎದ್ದು ಕಾಣಾಕತ್ತೀರಿ.”

ಇಬ್ಬರೂ ಅರ್ಧ ತಾಸು ಹೋರಾಡಿದರು. ಲೇಪ ಬೇಡವೆಂದರೆ ಅದನ್ನು ಒರೆಸಿ ತೆಗೆಯಲಾಗದೆಂದ ಜೋಶಿ. ಮಾತಿಗೆ ಮಾತು ಖಣಖಣಿಸಿತು, ಚಹಾ ಎರಡು ಸಲ ಆರಿತು. ಕಡೆಗೆ ಕಸ್ತೂರಿ ತನ್ನ ಬ್ರಹ್ಮಾಸ್ತ್ರವನ್ನೇ ಹೂಡಿದಳು: ಪರ್ಸು ಮುಚ್ಚಿ, ಎದ್ದು, “ಬರ್ತೀನ್ರಿ” ಎಂದು ಬಾಗಿಲಿನತ್ತ ನಡೆದಳು.

ಈ ಅಸ್ತ್ರದ ಗುಣವೆಂದರೆ ಐದು ಹೆಜ್ಜೆಯೊಳಗೆ ಹಿಂದಿನಿಂದ ಯಾರಾದರೂ ಕರೆಯಬೇಕು. ಐದು ಹೆಜ್ಜೆಯಾಯಿತು, ಹತ್ತಾಯಿತು. ಮಂಡಿಯ ಸಲುವಾಗಿ ಅವು ಹೇಗೂ ನಿಧಾನದ ಹೆಜ್ಜೆಗಳು. ಯಾರೂ ಕರೆಯಲಿಲ್ಲ. ಕಾವಲಿನವನು ಬಾಗಿಲು ತೆಗೆದ. ಹೊರಗಿನ ಮೆಟ್ಟಿಲ ಮೇಲೆ ಬಿಸಿಲು ಕಣ್ಣಿಗೆ ಹೊಡೆಯಿತು. ಆಗ ಐದು ಹಳ್ಳಿಯ ಆ ಧೀರೆಗೆ, ಜಿಲ್ಲಾ ಕಚೇರಿಯ ಫ್ಯಾನಿನ ಕೆಳಗಿನ ಕುರ್ಚಿ ಕಣ್ಣಮುಂದೆ ಬಂತು. ತಿರುಗಿ ಹೋಗಿ ಸೋಲೊಪ್ಪಿ ಸಾಲ ಮಾಡಲೇ ಎಂದು, ನಿಜ ಹೇಳಬೇಕೆಂದರೆ, ಒಂದು ಕ್ಷಣ ಯೋಚಿಸಿದಳು. ಗಂಡನ ಮುಖ ನೋಡೋಣವೆಂದು ಪಕ್ಕಕ್ಕೆ ತಿರುಗಿದರೆ ಗಂಡ ಪಕ್ಕದಲ್ಲಿರಲಿಲ್ಲ.

ವಿರೂಪಾಕ್ಷಪ್ಪ ಇನ್ನೂ ಕಾರಿನೊಳಗಿದ್ದ. ಹಿಂದಿನ ಸೀಟಿನ ಮೇಲೆ ಮಂಡಿಯೂರಿ, ಮೂಗು ತಾಗುವಷ್ಟು ಹತ್ತಿರದಿಂದ ಸೀಟ್ ಕವರಿನ ಅಂಚನ್ನು ನೋಡುತ್ತಿದ್ದ. ಎರಡೂವರೆ ತಾಸಿನಿಂದ ಕಟ್ಟಿಹಾಕಿದ್ದ ಅವನ ನಾಲಗೆ ಆಗ ಬಿಚ್ಚಿಕೊಂಡಿತು; ಅದೂ ಸಿಟ್ಟಿನಿಂದಲ್ಲ, ಒಬ್ಬ ಕಸಬುದಾರನ ವ್ಯಥೆಯಿಂದ.

“ಇದನ್ನ ಯಾರು ಹೊಲದಾರ್ರಿ?”

“ಕಂಪನಿ ಮಾಲ್ ಕಾಕಾರ,” ಎಂದ ಜೋಶಿ.

“ಕಂಪನಿ ಅಲ್ರಿ. ಇದು ಒಂಟೆಳಿ ಹೊಲಿಗಿ. ಗೋಣಿಚೀಲದ ಬಾಯಿ ಹೊಲೀತಾರಲ್ಲ, ಅಂಥಾದ್ದು. ಗಂಟು ಹಾಕಿಲ್ಲ. ನಾ ಜಗ್ಗೂದಿಲ್ಲ, ಬರೇ ಮುಟ್ಟತೀನಿ, ನೋಡ್ರಿಲ್ಲೆ.”

ಅವನು ದಾರದ ತುದಿಯನ್ನು ಎರಡು ಬೆರಳಲ್ಲಿ ಹಿಡಿದ. ಸರ್ರೆಂದು, ಮೊಳದುದ್ದ, ಮತ್ತೊಂದು ಮೊಳದುದ್ದ ಹೊಲಿಗೆ ಬಿಚ್ಚಿ, ಸೀಟಿನ ಬೆನ್ನು ಹಳದಿ ಸ್ಪಂಜು ತೋರಿಸಿ ನಕ್ಕಿತು. ಪಕ್ಕದ ಮೇಜಿನಲ್ಲಿ ಪೇಢೆ ಡಬ್ಬಿಯೊಂದಿಗೆ ಕೂತು, ಇದೇ ಕಿಟ್ಟಿನ ಕಾಗದಕ್ಕೆ ಸಹಿ ಹಾಕಲು ಪೆನ್ನು ಎತ್ತಿದ್ದ ಒಂದು ಕುಟುಂಬ ಪೆನ್ನನ್ನು ಕೆಳಗಿಟ್ಟು ಇತ್ತ ನೋಡತೊಡಗಿತು.

“ಕಾಕಾರ, ದಾರ ಬಿಡ್ರಿ,” ಎಂದ ಜೋಶಿ ಮೆಲುದನಿಯಲ್ಲಿ.

“ಇನ್ನೊಂದು ಕಡೆ ಹೆಂಗ ಐತಿ ನೋಡ್ತೀನ್ರಿ.”

“ಬ್ಯಾಡ್ರಿ. ಇಮ್ತಿಯಾಜ್, ಅಕ್ಕಾರನ್ನ ಒಳಗ ಕರಿ. ಬಿಲ್ಲಿನ್ಯಾಗಿಂದ ಕಿಟ್ ಪೂರ್ತಿ ತಗದುಬಿಡು.”

ಇಮ್ತಿಯಾಜ್ ಓಡಿಬಂದು ಮೆಟ್ಟಿಲ ಮೇಲಿದ್ದವಳನ್ನು ಕರೆದ. ಕಸ್ತೂರಿ ಕೂಡಲೇ ತಿರುಗಲಿಲ್ಲ. ತೆರೆದ ಬಾಗಿಲಿನಿಂದ ಎಲ್ಲವನ್ನೂ ಕೇಳಿ ಮುಖದ ಮೇಲೆ ಬಂದಿದ್ದ ನಗೆಯನ್ನು ಇಳಿಸಿಕೊಳ್ಳಲು ಸ್ವಲ್ಪ ಸಮಯ ಬೇಕಾಯಿತು. ಒಳಗೆ ಬಂದು ಗಂಡನ ಪಕ್ಕ ನಿಂತು, ಅವನಿಗೆ ಮಾತ್ರ ಕೇಳುವಂತೆ, “ಬಾಯಿ ಬಿಡಬ್ಯಾಡ್ರಿ ಅಂದಿದ್ದೆ,” ಎಂದಳು. “ತಪ್ಪಾತು,” ಎಂದ ಅವನು. “ಇರ್ಲಿ,” ಎಂದು ಅವನ ಅಂಗಿಗೆ ಅಂಟಿದ್ದ ದಾರದ ಎಳೆ ತೆಗೆದಳು.

ಹೀಗೆ ಆರು ಲಕ್ಷ ಹದಿನೈದು ಸಾವಿರಕ್ಕೆ ಸಂಧಿಯಾಯಿತು.

ಆದರೆ ಗೆದ್ದವರಿಗೆ ಎಲ್ಲಿ ನಿಲ್ಲಬೇಕೆಂದು ತಿಳಿಯುವುದು ಕಷ್ಟ. ಗುರುವಾರ ಗಾಡಿ ಒಯ್ಯಲು ಬಂದಾಗ, ಕೀಲಿ ಕೈಗೆ ಬಂದು, ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟಾದ ಮೇಲೆ, ಕಸ್ತೂರಿ ಡ್ಯಾಶ್‌ಬೋರ್ಡನ್ನು ನೋಡಿ ನಿಂತಳು.

“ಗಣಪ್ಪ ಎಲ್ಲಿ?”

“ಅದು ಕಿಟ್‌ನ್ಯಾಗಿತ್ರಿ ಅಕ್ಕಾರ,” ಎಂದ ಇಮ್ತಿಯಾಜ್.

“ಕಿಟ್ ಬ್ಯಾಡ ಅಂದೀನಿ. ದೇವರು ಬ್ಯಾಡ ಅಂದೀನೇನು?”

ನಲವತ್ತು ನಿಮಿಷ. ಆರು ಲಕ್ಷದ ಗಾಡಿ ಬಿಸಿಲಲ್ಲಿ ಕಾಯುತ್ತ ನಿಂತಿರಲು, ನೂರಿಪ್ಪತ್ತು ರೂಪಾಯಿಯ ಎರಡಂಗುಲದ ವಿಗ್ರಹಕ್ಕಾಗಿ ಎರಡು ಪಕ್ಷಗಳೂ ಹಿಂದಿನ ಸಮರಕ್ಕಿಂತ ಘೋರವಾಗಿ ಕಾದಿದವು. ಕೊನೆಗೆ ಗುರುನಾಥ ಜೋಶಿ ಹೊರಗೆ ಹೋಗಿ, ತನ್ನ ಸ್ವಂತ ಕಾರಿನ ಗಣಪನನ್ನು ಕಿತ್ತು ತಂದು, ಎರಡೂ ಕೈಯಿಂದ ಆಕೆಗೆ ಒಪ್ಪಿಸಿದ. “ಇನ್ನ ಹೊಂಡ್ರಿ ಅಕ್ಕಾರ. ನಾ ಊಟಾ ಮಾಡಿಲ್ಲ.”

ಜಯಲಕ್ಷ್ಮೀಸಮೇತಳಾದ ಕಸ್ತೂರಿ, ಚತುಶ್ಚಕ್ರರಥಾರೂಢಳಾಗಿ, ಗಂಟೆಗೆ ಹದಿನೆಂಟು ಕಿಲೋಮೀಟರ್ ವೇಗದಲ್ಲಿ ಹೆದ್ದಾರಿಯನ್ನು ಪ್ರವೇಶಿಸಿದಳು. ಹಿಂದಿನಿಂದ ಬಸ್ಸು, ಲಾರಿ, ಮೆಣಸಿನಕಾಯಿ ಮೂಟೆಯ ಟ್ರ್ಯಾಕ್ಟರು ಶಂಖನಾದ ಮಾಡಿದವು. ಸೋಮವಾರದಿಂದ ಯಾವ ಹಳ್ಳಿಗೆ ಮೊದಲು ಹೋಗುವುದೆಂದು ಆಕೆ ಜೋರಾಗಿ ಯೋಚಿಸತೊಡಗಿದಳು. ಅಷ್ಟರಲ್ಲಿ ಮೊದಲ ರಸ್ತೆ ಉಬ್ಬು ಬಂತು. ಒಮ್ಮೆ ಕಿತ್ತ ಗಣಪನ ಅಂಟು ಮತ್ತೆ ಹಿಡಿಯಲಿಲ್ಲ. ವಿಗ್ರಹ ಉರುಳಿ ವಿರೂಪಾಕ್ಷಪ್ಪನ ತೊಡೆಯ ಮೇಲೆ ಬಿತ್ತು. ಎತ್ತಿಟ್ಟ. ಎರಡನೆಯ ಉಬ್ಬಿಗೆ ಕಾಲಬುಡಕ್ಕೆ ಬಿತ್ತು.

“ಗಟ್ಟಿ ಹಿಡೀರಿ,” ಎಂದಳು ಕಸ್ತೂರಿ, ರಸ್ತೆಯಿಂದ ಕಣ್ಣು ತೆಗೆಯದೆ.

ಮನೆಯವರೆಗಿನ ಏಳು ಕಿಲೋಮೀಟರ್ ದಾರಿಯನ್ನೂ ವಿರೂಪಾಕ್ಷಪ್ಪ ಮುಂದಕ್ಕೆ ಬಾಗಿ, ಹೆಬ್ಬೆರಳು ತೋರುಬೆರಳಿನ ನಡುವೆ ದೇವರನ್ನು ಹಿಡಿದುಕೊಂಡೇ ಸವೆಸಿದ. ಕೈ ಜೋಮು ಹಿಡಿಯಿತು. ಆದರೂ, ಮಾತಾಡಲು ಈಗ ಯಾರ ಅಡ್ಡಿಯೂ ಇಲ್ಲವೆಂಬುದು ನೆನಪಾಗಿ, “ಗಾಡಿ ಚಂದ ಐತಿ,” ಎಂದ.