ಹುಳದ ಮನೆಯ ಫ್ಯಾನು

ಧನಗೆರೆಯ ನಮ್ಮ ದೊಡ್ಡಮ್ಮ ಜಗಳವಾಡದೆ ಬಿಟ್ಟವನು ಸೂರ್ಯನೊಬ್ಬನೇ ಎಂದುಕೊಂಡಿದ್ದೆ. ಈ ಬೇಸಿಗೆಯಲ್ಲಿ ಅವನನ್ನೂ ಬಿಡಲಿಲ್ಲ! ಬೆಳಗ್ಗೆ ಬಾಗಿಲು ತೆಗೆದವಳೇ ಪೂರ್ವಕ್ಕೆ ತಿರುಗಿ ಅವನ ವಂಶವನ್ನೆಲ್ಲ ಜಾಲಾಡುತ್ತಿದ್ದಳು. ಕೈ ಮುಗಿಯುತ್ತಿದ್ದುದೂ ಅದೇ ದಿಕ್ಕಿಗೆ. ಬೈಗುಳ ಮೊದಲು, ನಮಸ್ಕಾರ ಆಮೇಲೆ.

ಎಲ್ಲ ರೇಷ್ಮೆಹುಳುವಿಗಾಗಿ. ಸೆಕೆ ಮಿತಿಮೀರಿದರೆ ಹುಳು ಸೊಪ್ಪು ಮುಟ್ಟದೆ ಸಾಯುತ್ತದೆ. ಹಿಂದಿನ ಬೆಳೆ ಹಾಗೇ ಹೋಗಿತ್ತು. ಮಳೆ ಬೀಳುವವರೆಗೆ ಬೇಡ ಎಂದರೂ ಕೇಳದೆ ಮತ್ತೆ ಮರಿಹುಳು ತಂದಳು. ಮನೆಗಿದ್ದ ಒಂದೇ ಟೇಬಲ್ ಫ್ಯಾನು ಹುಳದ ಮನೆ ಸೇರಿತು, ಕಿಟಕಿಗಳಿಗೆ ಒದ್ದೆ ಗೋಣಿಚೀಲ ಬಂತು. ದೊಡ್ಡಪ್ಪನಿಗೆ? ಬೀಸಣಿಗೆ! ತಾನೂ ಒಂದು ಜೀವ ಅಲ್ಲವೇ ಎಂದು ಅವರು ಗೊಣಗಿದ್ದಕ್ಕೆ, "ನೀನೇನು ಗೂಡು ಕಟ್ಟೀಯಾ?" ಎಂದಳು.

ಕೊಳ್ಳೇಗಾಲದಿಂದ ಹೋದ ನನ್ನನ್ನು ಪೌಡರಿನ ವಾಸನೆ ಹುಳುವಿಗಾಗದು ಎಂದು ತೊಟ್ಟಿಯ ಬಳಿ ನಿಲ್ಲಿಸಿ ಮುಖ ತೊಳೆಸಿದಳು. ಹುಳು ಪೊರೆ ಬಿಡುವುದಕ್ಕೆ ನಮ್ಮ ಕಡೆ 'ಜ್ವರ' ಎನ್ನುತ್ತೇವೆ. ಜ್ವರದ ಹೊತ್ತಿನಲ್ಲಿ ಆ ಮನೆಯಲ್ಲಿ ಯಾರೂ ಗಟ್ಟಿಯಾಗಿ ಮಾತಾಡಕೂಡದು. ಈ ಕಾನೂನು ಅವಳೊಬ್ಬಳಿಗೆ ಮಾತ್ರ ಅನ್ವಯಿಸುತ್ತಿರಲಿಲ್ಲ!

ಒಂದು ಸಂಜೆ ಟೀವಿಯಲ್ಲಿ ಕೋಟು ತೊಟ್ಟವರು ಚರ್ಚೆಗೆ ಕೂತಿದ್ದರು. ಭೂಮಿ ಹೀಗೇ ಕಾಯುತ್ತ ಹೋದರೆ ಜೀವವೇ ಅಳಿಯುತ್ತದೆಯೇ? ಪೂರ್ತಿ ಅಳಿಯುವುದಿಲ್ಲ, ಕ್ರಿಮಿಗಳಾದರೂ ಉಳಿಯುತ್ತವೆ ಎಂದು ಒಬ್ಬರು ಸಮಾಧಾನ ಹೇಳಿದರು. ದೊಡ್ಡಮ್ಮ ಎದ್ದು ನಿಂತಳು.

"ಉಳ್ದಿದ್ದಕ್ಕೆ ಸೊಪ್ಪಾಕೋರು ಯಾರ್ಲಾ?"

ಅಷ್ಟರಲ್ಲಿ ಏಸಿಯ ಜಾಹೀರಾತು ಬಂತು. ಅವಳು ಟೀವಿ ಆರಿಸಿದಳು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ.

ಮಾರನೆಯ ದಿನ ನಗು ಬರಲಿಲ್ಲ. ಪಕ್ಕದ ಹೊಲದವನು ಕಬ್ಬು ಕಡಿದು ಕುಂತೂರಿನ ಸಕ್ಕರೆ ಕಾರ್ಖಾನೆಗೆ ಸಾಗಿಸಿ, ಉಳಿದ ತರಗಿಗೆ ಬೆಂಕಿ ಇಟ್ಟ. ಹೊಗೆಯೆಲ್ಲ ನೇರ ಹುಳದ ಮನೆಗೆ. ದೊಡ್ಡಮ್ಮ ಸೆರಗು ಸಿಕ್ಕಿಸಿ ಹೋದಳು, ಹಿಂದೆ ನಾನು. ಅವನೋ ನಿರಾಳವಾಗಿ ನಿಂತಿದ್ದ. ಈ ಸೆಕೆಗೆ ಇದೂ ಸೇರಬೇಕೇ ಎಂದರೆ, ತನ್ನೊಬ್ಬನ ಬೆಂಕಿಕಡ್ಡಿಯಿಂದ ಲೋಕ ಕಾಯುತ್ತದೆಯೇ ಎಂದು ನಮ್ಮನ್ನೇ ಕೇಳಿದ. ನನಗೆ ಮೈಯೆಲ್ಲ ಉರಿಯಿತು. ರಸ್ತೆ ಅಗಲ ಮಾಡಲು ಹುಣಸೆಮರ ಉರುಳಿಸಿದವನ ಬಾಯಲ್ಲೂ ಇದೇ ಮಾತು, ಅಂಗಡಿ ಮುಂದೆ ಕಾರಿನ ಇಂಜಿನ್ ಆರಿಸದೆ ಹರಟುವವನ ಬಾಯಲ್ಲೂ ಇದೇ ಮಾತು. ಹಾಗಾದರೆ ಕಾಯಿಸುತ್ತಿರುವವರು ಯಾರು, ನಮ್ಮ ದೊಡ್ಡಮ್ಮನ ಹುಳುಗಳೇ?

ಕೊನೆಗೆ ಹೇಗೂ ಗೂಡಿನ ಸಮೇತ ಬೇಯಿಸುವ ಹುಳುವಿಗೆ ಇಷ್ಟೇಕೆ ರಂಪ ಎಂದೂ ಅವನು ನಕ್ಕ. ದೊಡ್ಡಮ್ಮ ಮೊದಲ ಬಾರಿಗೆ ದನಿ ತಗ್ಗಿಸಿದಳು.

"ಗೂಡ್ ಕಟ್ಟಿ ಸಾಯ್ಲಿ ಕಣಪ್ಪಾ. ಕಟ್ಟಕ್ಕಾರ ಬುಡು."

ನಾಲ್ಕನೆಯ ಜ್ವರ ದಾಟಿ ಹುಳು ಹಣ್ಣಾಗಿ ಇನ್ನೇನು ಗೂಡು ಕಟ್ಟಬೇಕು ಎನ್ನುವ ಹೊತ್ತಿಗೆ, ಉರಿಮಧ್ಯಾಹ್ನ ಕರೆಂಟು ಹೋಯಿತು. ಬೀಸಣಿಗೆ, ಮೊರ, ಗೋಣಿ, ಕೈಗೆ ಸಿಕ್ಕಿದ್ದರಲ್ಲೆಲ್ಲ ಬೀಸಿದೆವು. ಸಂಜೆಯ ಹೊತ್ತಿಗೆ ಹುಳುಗಳು ತಲೆ ಜೋತುಬಿಟ್ಟು ಮಲಗಿದ್ದವು. ಅವಳು ಒಂದೊಂದೇ ತಟ್ಟೆಯನ್ನು ಹೊತ್ತೊಯ್ದು ಗುಂಡಿಗೆ ಸುರಿದಳು. ಯಾರನ್ನೂ ಬೈಯಲಿಲ್ಲ. ಮುಳುಗುತ್ತಿದ್ದ ಸೂರ್ಯನನ್ನೂ ಬೈಯಲಿಲ್ಲ. ಅದನ್ನು ನೋಡಲು ನನ್ನಿಂದಾಗಲಿಲ್ಲ, ಜಗಲಿಯಲ್ಲಿ ಕಣ್ಣು ಮುಚ್ಚಿ ಬಿದ್ದುಕೊಂಡೆ.

ಕರೆಂಟು ಬಂದಿರಬೇಕು, ಮುಖಕ್ಕೆ ಗಾಳಿ ತಾಕಿತು. ಕಣ್ಣು ತೆರೆದರೆ ಹುಳದ ಮನೆಯ ಫ್ಯಾನು ನನ್ನ ತಲೆಯ ಹತ್ತಿರ ತಿರುಗುತ್ತಿತ್ತು. ದೊಡ್ಡಮ್ಮ ಜಗಲಿಯ ಕಂಬಿಗೆ ಒದ್ದೆ ಗೋಣಿ ಕಟ್ಟುತ್ತಿದ್ದಳು.

"ನೀನಾರ ಉಳ್ಕೊ ಕಣ್ಲಾ" ಎಂದು ಮತ್ತೊಂದು ಗೋಣಿಯನ್ನು ನೀರಿಗೆ ಅದ್ದಿದಳು.